ಅಜ್ಜನ ಅಂಗಡಿಯ ಉದ್ರಿ ಪುಸ್ತಕ

ನಮ್ಮ ಸಾಗರ ಸೀಮೆಯ ಇತಿಹಾಸ ಬರೆಯುವವರು ಕೆಳದಿ ಅರಸರ ಶಾಸನಗಳನ್ನು ಓದುತ್ತಾರೆ, ದೇವಸ್ಥಾನದ ಕಲ್ಲುಗಳನ್ನು ಅಳೆಯುತ್ತಾರೆ. ಊರ ದಿನಸಿ ಅಂಗಡಿಯ ಕಿರ್ದಿ, ಖಾತೆಗಳನ್ನು ಕೇಳಿದವರನ್ನು ನಾನು ಕಂಡಿಲ್ಲ. ನನ್ನ ತಾಯಿಯ ತವರಿನವರು ಮೂರು ತಲೆಮಾರುಗಳಿಂದ ಶರಾವತಿ ಕೊಳ್ಳದ ಅಂಚಿನಲ್ಲಿ ಅಂಗಡಿ ನಡೆಸಿಕೊಂಡು ಬಂದವರಾದುದರಿಂದ ಈ ವಿಷಯದಲ್ಲಿ ನನಗೆ ತುಸು ಪಕ್ಷಪಾತವಿದೆ.

ಮಲೆನಾಡಿನ ಅಂಗಡಿಯ ವ್ಯವಹಾರವೆಲ್ಲ ಮಳೆ ಮತ್ತು ಅಡಿಕೆಯನ್ನು ಅವಲಂಬಿಸಿತ್ತು. ಮೇ ತಿಂಗಳು ಮುಗಿಯುವುದರೊಳಗೆ ಉಪ್ಪು, ಬೆಲ್ಲ, ಒಣಮೆಣಸು, ಸೀಮೆಎಣ್ಣೆಗಳು ಸಾಗರದಿಂದ ಎತ್ತಿನ ಗಾಡಿಯಲ್ಲಿ ಬಂದು ದಾಸ್ತಾನಾಗಬೇಕು. ಆಮೇಲೆ ಹಳ್ಳ ತುಂಬಿ ದಾರಿಯೇ ಇಲ್ಲ. ಆದರೆ ಕೊಳ್ಳುವವರ ಕೈಗೆ ಹಣ ಬರುವುದು ಕೊನೆಕೊಯ್ಲು ಮುಗಿದು, ಅಡಿಕೆ ಬೆಂದು ಒಣಗಿ ಮಂಡಿ ಸೇರಿದ ಮೇಲೆ. ಅಲ್ಲಿಯವರೆಗೆ ಉದ್ರಿ. ಮನೆಗೊಂದು ಪುಟ. ಅಜ್ಜನೂ ಸಾಗರದ ಸಗಟು ವ್ಯಾಪಾರಿಗೆ ಸಾಲಗಾರರೇ ಆಗಿದ್ದರು. ಅವರನ್ನು ಧರ್ಮಾತ್ಮರೆಂದು ಹೊಗಳಲು ನಾನು ಹೊರಟಿಲ್ಲ; ಉದ್ರಿಯ ಬೆಲೆ ರೊಕ್ಕದ ಬೆಲೆಗಿಂತ ಕೊಂಚ ಹೆಚ್ಚೇ ಇರುತ್ತಿತ್ತು.

1957ರ ಏಪ್ರಿಲ್ 1ರಂದು ನಯಾಪೈಸೆ ಬಂದಿತು. ಆಣೆಗೆ ಆರೂಕಾಲು ನಯಾಪೈಸೆ. ಕಾಲಿನ ನಾಣ್ಯವಿಲ್ಲದ ಕಾರಣ ಒಂದಾಣೆಗೆ 6, ಮೂರಾಣೆಗೆ 19 ಎಂದು ಲೆಕ್ಕ ಕಟ್ಟಿದರು. ಒಂದೊಂದಾಣೆಯ ಸಾಮಾನನ್ನು ಮೂರು ಸಲ ಕೊಂಡವನಿಗೆ ಒಂದು ಪೈಸೆ ಲಾಭ! ಅಜ್ಜ ಕೊನೆಯವರೆಗೂ ಆಣೆಯಲ್ಲಿಯೇ ಬರೆದರು. ಸೋದರಮಾವ ಪಕ್ಕದಲ್ಲಿ ಪೈಸೆ ಬರೆಯುತ್ತಿದ್ದರು. 80 ತೊಲೆಯ ಸೇರು ಹೋಗಿ ಕಿಲೋ ಬಂದಾಗಲೂ ಇದೇ ಪಾಡು.

ದೊಡ್ಡ ಪೆಟ್ಟು ಬಿದ್ದುದು ಶರಾವತಿ ಯೋಜನೆಯ ಕಾಲದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ದಿಬ್ಬದ ಮೇಲಿದ್ದ ಅಂಗಡಿ ಉಳಿಯಿತು, ಗಿರಾಕಿಗಳು ಹೋದರು. ಲಾರಿ ಹತ್ತುವ ಮುನ್ನ ಕೆಲವರು ಬಾಕಿ ತೀರಿಸಿದರು. ಒಂದು ಮನೆಯವರು ಹಣವಿಲ್ಲದೆ ತಾಮ್ರದ ಹಂಡೆಯನ್ನು ತಂದಿಟ್ಟರು. ಅಜ್ಜಿ ಅದನ್ನು ತಿರುಗಿ ಲಾರಿಗೇರಿಸಿದರು. ಶಿವಮೊಗ್ಗದ ಕಡೆಗೆ ಹೋಗಿ ಉಳಿದವರಿಂದ ವಸೂಲು ಮಾಡಿಕೊಂಡು ಬರುತ್ತೇನೆಂದು ಮಾವ ಹೊರಟಾಗ ಅಜ್ಜ ತಡೆದರು: "ಅವರಿಗಿನ್ನೂ ಒಲೆ ಹೂಡುವುದಕ್ಕೆ ಜಾಗ ಸಿಕ್ಕಿಲ್ಲ. ನೀನು ಬಾಕಿ ಕೇಳುತ್ತೀಯಾ?" ಮಾವ ಎರಡು ದಿನ ಮಾತು ಬಿಟ್ಟರು. ಸಗಟು ವ್ಯಾಪಾರಿಯ ಸಾಲಕ್ಕೆ ಅಜ್ಜಿಯ ಸರ ಹೋಯಿತು.

ಆದರೂ ಆ ಲೆಕ್ಕವನ್ನು ಹೊಡೆದುಹಾಕಲಿಲ್ಲ. ಪ್ರತಿವರ್ಷ ಬಲಿಪಾಡ್ಯಮಿಯ ದಿನ ಹೊಸ ಪುಸ್ತಕಕ್ಕೆ ಪೂಜೆಯಾದ ಮೇಲೆ ಮುಳುಗಿದ ಊರುಗಳ ಪುಟಗಳನ್ನೂ ಅದಕ್ಕೆ ಇಳಿಸುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ, ಜಗಳವಾಡಿದ್ದ ಮಾವನೇ ಅದನ್ನು ಮುಂದುವರಿಸಿದರು. ಎಷ್ಟೋ ವರ್ಷಗಳ ನಂತರ ಒಬ್ಬ ತರುಣ ಬಸ್ಸಿಳಿದು ಬಂದು ತನ್ನ ತಂದೆಯ ಬಾಕಿ 43 ರೂಪಾಯಿಗಳನ್ನು ಎಣಿಸಿಟ್ಟುದನ್ನು ನಾನೇ ನೋಡಿದ್ದೇನೆ.

ಈಗ ಅಂಗಡಿ ಮಾವನ ಮಗನ ಕೈಯಲ್ಲಿದೆ. ಗಲ್ಲಾಪೆಟ್ಟಿಗೆಯ ಮೇಲೆ ಮೊಬೈಲ್ ಪಾವತಿಯ ಫಲಕ ನಿಂತಿದೆ, ಉದ್ರಿಯೂ ನಿಂತಿಲ್ಲವೆನ್ನಿ. ಹಳೆಯ ಪುಸ್ತಕಗಳನ್ನು ಆತ ನನಗೆ ಒಪ್ಪಿಸಿದ್ದಾನೆ. ಗೆದ್ದಲು ಬಿಟ್ಟು ಉಳಿದವುಗಳಲ್ಲಿ 17 ಮನೆಗಳ ಬಾಕಿ ಹಾಗೆಯೇ ಇದೆ. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಗಳ ಮೊಮ್ಮಕ್ಕಳಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದೀರಿ. ನೀರಿನಡಿ ಹೋದ ನಿಮ್ಮ ಮನೆಗಳಲ್ಲಿ ಯುಗಾದಿಗೆ ಎಷ್ಟು ಬೆಲ್ಲ ಬಂತು, ಬಾಣಂತಿಗೆಂದು ಎಷ್ಟು ಓಮ ಕಟ್ಟಿಸಿಕೊಂಡರು ಎಂಬುದೆಲ್ಲ ಅಜ್ಜನ ಅಕ್ಷರದಲ್ಲಿ ಇದೆ. ಬಾಕಿ ತೀರಿಸಲು ಯಾರೂ ಬರಬೇಕಾಗಿಲ್ಲ. ನೋಡಬೇಕೆನಿಸಿದವರು ಮಳೆ ಕಳೆದ ಮೇಲೆ ಬನ್ನಿ, ಪುಟ ತೆಗೆದು ತೋರಿಸುತ್ತೇನೆ.