ರಿಯೋದಿಂದ ಬಂದ ತಂತಿಗಳು: ಆರ್ಸನ್ ವೆಲ್ಸ್‌ನ ಎರಡು ಚಿತ್ರಗಳ ಕಥೆ

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ನಾನು ಮೊದಲು ಹಿಂಜರಿದೆ. ಸಮ್ಮೇಳನಕ್ಕೆ ಬರುವವರು ಊಟ, ಸಂಗೀತ, ಹಳೆಯ ಸ್ನೇಹಿತರ ಭೇಟಿ ಇವುಗಳ ನಡುವೆ ಪುಟ ತಿರುವಿ ನೋಡುವ ಪುಸ್ತಕದಲ್ಲಿ ಅಮೆರಿಕದ ಹಳೆಯ ಚಲನಚಿತ್ರಗಳ ವಿಚಾರ ಯಾರಿಗೆ ಬೇಕು ಎನ್ನಿಸಿತು. ಆದರೆ ನನ್ನ ಅರ್ಧ ಆಯುಷ್ಯಕ್ಕಿಂತ ಹೆಚ್ಚು ಕಾಲ ಕಳೆದ ಇಂಡಿಯಾನಾ ರಾಜ್ಯಕ್ಕೂ ಈ ಕಥೆಗೂ ಹತ್ತಿರದ ನಂಟಿದೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

1974ರ ಶರದೃತುವಿನಲ್ಲಿ ನಾನು ಬ್ಲೂಮಿಂಗ್ಟನ್ನಿನ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯಾಗಿ ಬಂದೆ. ಶುಕ್ರವಾರದ ಸಂಜೆಗಳಲ್ಲಿ ವಿದ್ಯಾರ್ಥಿಗಳ ಚಿತ್ರಸಮಾಜದವರು ಒಂದು ಉಪನ್ಯಾಸ ಕೊಠಡಿಯಲ್ಲಿ ಹದಿನಾರು ಮಿಲಿಮೀಟರಿನ ಹಳೆಯ ಚಿತ್ರಗಳನ್ನು ತೋರಿಸುತ್ತಿದ್ದರು. ಟಿಕೆಟಿಗೆ ಕೊಡುವ ಹಣ ತೀರ ಕಡಿಮೆ, ಕೊಠಡಿಯಲ್ಲಿ ಬೆಚ್ಚಗಿರುತ್ತಿತ್ತು. ಹೊಸದಾಗಿ ಬಂದ, ಕಾರಿಲ್ಲದ, ಹಿಮಕ್ಕೆ ಹೆದರುವ ನನ್ನಂಥವನಿಗೆ ಇದಕ್ಕಿಂತ ಮಿಗಿಲಾದ ಆಕರ್ಷಣೆ ಬೇಕಿರಲಿಲ್ಲ. ಹಾಗೆ ನೋಡಿದ ಚಿತ್ರಗಳಲ್ಲಿ ಒಂದು ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’. ಬೂತ್ ಟಾರ್ಕಿಂಗ್ಟನ್ 1918ರಲ್ಲಿ ಪ್ರಕಟಿಸಿದ, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆದ ಕಾದಂಬರಿ ಅದಕ್ಕೆ ಮೂಲ. ಟಾರ್ಕಿಂಗ್ಟನ್ ಇಂಡಿಯಾನಾಪೊಲಿಸ್‌ನವನು. ಕಾದಂಬರಿಯ ಊರಿಗೆ ಆತ ಬೇರೆ ಹೆಸರಿಟ್ಟರೂ ಓದುವವರಿಗೆ ಊರು ಯಾವುದೆಂಬುದು ಗುಟ್ಟಾಗಿ ಉಳಿಯುವುದಿಲ್ಲ. ಊರಿಗೇ ಹಿರಿದಾದ ಒಂದು ಮನೆತನ, ಅವರ ಅರಮನೆಯಂಥ ಮನೆ. ಮೋಟಾರು ಕಾರು ಬಂದು ಊರು ಹೊರಹೊರಕ್ಕೆ ಹಬ್ಬಿದಂತೆ, ಹೊಗೆ ಕವಿದಂತೆ, ಆ ಮನೆತನ ಕುಸಿದು ಮನೆ ಕೈಬಿಟ್ಟುಹೋಗುವುದು. ಇಷ್ಟೇ ಕಥೆ. ಮಲೆನಾಡಿನ ತೊಟ್ಟಿಯ ಮನೆಯೊಂದರಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಚಿತ್ರ ನೋಡುತ್ತ ನನಗೊಂದು ವಿಚಿತ್ರ ಅನುಭವವಾಯಿತು. ಮೊದಲ ಭಾಗದಲ್ಲಿ ಒಂದೊಂದು ದೃಶ್ಯವೂ ತನ್ನ ಕಾಲವನ್ನು ತಾನೇ ತೆಗೆದುಕೊಂಡು ನಿಧಾನವಾಗಿ ಅರಳುತ್ತದೆ. ಅಡುಗೆಮನೆಯಲ್ಲಿ ಕುಳಿತು ಕೇಕು ತಿನ್ನುವ ಯುವಕನೊಡನೆ ಅವನ ಅವಿವಾಹಿತ ಸೋದರತ್ತೆ ಮಾತನಾಡುವ ಸನ್ನಿವೇಶದಲ್ಲಿ ಕ್ಯಾಮೆರಾ ಕದಲುವುದೇ ಇಲ್ಲ. ನಿಮಿಷಗಳ ಕಾಲ ಸುಮ್ಮನೆ ನೋಡುತ್ತ ನಿಲ್ಲುತ್ತದೆ. ಆ ಅತ್ತೆಯ ಪಾತ್ರದಲ್ಲಿ ಆಗ್ನೆಸ್ ಮೂರ್‌ಹೆಡ್ ನೀಡಿದ ಅಭಿನಯಕ್ಕೆ ಸಮನಾದುದನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಕೊನೆಗೆ ಬರುತ್ತ ಚಿತ್ರ ಯಾರೋ ಅಟ್ಟಿಸಿಕೊಂಡು ಬಂದವರಂತೆ ಓಡತೊಡಗುತ್ತದೆ. ಕಡೆಯ ದೃಶ್ಯದಲ್ಲಿ ಆಸ್ಪತ್ರೆಯ ಓಣಿಯೊಂದರಲ್ಲಿ ಇಬ್ಬರು ಮಂದಹಾಸ ಬೀರುತ್ತ ನಡೆದುಬರುತ್ತಾರೆ, ಚಿತ್ರ ಮುಗಿಯುತ್ತದೆ. ಬೇರೆ ಯಾರದೋ ಮದುವೆಯ ಆಲ್ಬಂನಿಂದ ಕಿತ್ತು ತಂದು ಅಂಟಿಸಿದ ಪಟದಂತೆ ಅದು ನನಗೆ ಕಂಡಿತು. ಪಕ್ಕದಲ್ಲಿ ಕುಳಿತಿದ್ದ ಮಿತ್ರ, ಧಾರವಾಡದವನು, ‘ಇದೇನೋ ಮಾರಾಯ, ಕಡೇ ರೀಲು ಬ್ಯಾರೆ ಸಿನೆಮಾದ್ದು ಹಾಕ್ಯಾರೇನು?’ ಎಂದ. ತಮಾಷೆಗೆ ಅಂದ ಆ ಮಾತು ಬಹುಮಟ್ಟಿಗೆ ನಿಜವೆಂದು ಅನಂತರ ಓದಿ ತಿಳಿದೆ.

ಆರ್ಸನ್ ವೆಲ್ಸ್ 1915ರ ಮೇ 6ರಂದು ವಿಸ್ಕಾನ್ಸಿನ್ನಿನ ಕೆನೋಷಾ ಎಂಬಲ್ಲಿ ಹುಟ್ಟಿದವನು. ಒಂಬತ್ತನೆಯ ವಯಸ್ಸಿಗೆ ತಾಯಿಯನ್ನೂ ಹದಿನೈದಕ್ಕೆ ತಂದೆಯನ್ನೂ ಕಳೆದುಕೊಂಡ. ರಂಗಭೂಮಿಯಲ್ಲಿ, ಅನಂತರ ಆಕಾಶವಾಣಿಯಲ್ಲಿ ಹೆಸರು ಮಾಡಿದ. 1938ರ ಅಕ್ಟೋಬರ್ 30ರ ರಾತ್ರಿ ಪ್ರಸಾರವಾದ, ಮಂಗಳ ಗ್ರಹದವರ ಆಕ್ರಮಣದ ನಾಟಕದಿಂದ ದೇಶವೆಲ್ಲ ಅವನ ಹೆಸರು ಕೇಳುವಂತಾಯಿತು. ಮರುವರ್ಷ ಆರ್‌ಕೆಓ ಸಂಸ್ಥೆ ಅವನೊಡನೆ ಮಾಡಿಕೊಂಡ ಕರಾರು ಹಾಲಿವುಡ್ಡಿನಲ್ಲಿ ಅಪೂರ್ವವಾದದ್ದು: ನಟನೂ ನಿರ್ದೇಶಕನೂ ಅವನೇ, ಚಿತ್ರದ ಅಂತಿಮ ರೂಪವನ್ನು ನಿರ್ಧರಿಸುವ ಅಧಿಕಾರವೂ ಅವನದೇ. ಆ ಅಧಿಕಾರದ ಬಲದಿಂದ ಇಪ್ಪತ್ತೈದರ ತರುಣ ಮಾಡಿದ ಚಿತ್ರ ‘ಸಿಟಿಜನ್ ಕೇನ್’ (1941). ಅದರ ಬಗ್ಗೆ ಬರೆದವರು ಬಹಳ. ನಾನು ಹೊಸತೇನನ್ನೂ ಸೇರಿಸಲಾರೆ. ಪತ್ರಿಕೋದ್ಯಮಿ ಹರ್ಸ್ಟ್‌ನ ಕೋಪಕ್ಕೆ ಗುರಿಯಾದರೂ, ಅವನ ಪತ್ರಿಕೆಗಳು ಅದರ ಹೆಸರನ್ನೇ ಮುದ್ರಿಸದಿದ್ದರೂ, ಆ ಚಿತ್ರದ ಒಂದು ಅಡಿಯನ್ನೂ ವೆಲ್ಸ್‌ನ ಇಚ್ಛೆಗೆ ವಿರುದ್ಧವಾಗಿ ಯಾರೂ ಕತ್ತರಿಸಲಾಗಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಎರಡನೆಯ ಚಿತ್ರವಾದ ‘ಆಂಬರ್ಸನ್ಸ್’ ವೇಳೆಗೆ ಕರಾರು ಬದಲಾಗಿತ್ತು. ‘ಕೇನ್’ ಹಣ ತಂದಿರಲಿಲ್ಲ. ಅಂತಿಮ ರೂಪದ ಅಧಿಕಾರವನ್ನು ವೆಲ್ಸ್ ಬಿಟ್ಟುಕೊಟ್ಟ. ಈ ಚಿತ್ರದಲ್ಲಿ ಆತ ತೆರೆಯ ಮೇಲೆ ಬರುವುದಿಲ್ಲ, ಅವನ ಕಂಠ ಮಾತ್ರ ಕಥೆ ಹೇಳುತ್ತದೆ. ಚಿತ್ರೀಕರಣ 1941ರ ಅಕ್ಟೋಬರಿನಲ್ಲಿ ಆರಂಭವಾಯಿತು. ಹಿಮದ ದೃಶ್ಯಗಳಿಗೆ ಉಸಿರಿನ ಆವಿ ನಿಜವಾಗಿ ಕಾಣಬೇಕೆಂದು ಲಾಸ್ ಏಂಜಲೀಸಿನ ಮಂಜುಗಡ್ಡೆ ಕಾರ್ಖಾನೆಯೊಳಗೆ ಇಡೀ ತಂಡವನ್ನು ನಡುಗಿಸಿದ. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು. ದಕ್ಷಿಣ ಅಮೆರಿಕದ ದೇಶಗಳೊಡನೆ ಸ್ನೇಹ ಬೆಳೆಸಲು ಅಮೆರಿಕ ಸರ್ಕಾರ ಹೂಡಿದ್ದ ಯೋಜನೆಯ ಹೊಣೆ ನೆಲ್ಸನ್ ರಾಕ್‌ಫೆಲರ್‌ನದು. ಅವನ ಕೋರಿಕೆಯ ಮೇರೆಗೆ ಬ್ರೆಜಿಲಿನಲ್ಲಿ ಚಿತ್ರವೊಂದನ್ನು ತೆಗೆಯಲು ವೆಲ್ಸ್ ಒಪ್ಪಿಕೊಂಡ. ಕಾರ್ನಿವಲ್ ಹಬ್ಬ ತಪ್ಪಿಹೋಗಬಾರದು, ಕೂಡಲೇ ಹೊರಡಬೇಕು. 1942ರ ಫೆಬ್ರವರಿಯ ಮೊದಲಲ್ಲಿ ಹೊರಟವನು ದಾರಿಯಲ್ಲಿ ಮಯಾಮಿಯಲ್ಲಿ ನಿಂತು, ಸಂಕಲನಕಾರ ರಾಬರ್ಟ್ ವೈಸ್‌ನೊಡನೆ ಕೆಲವು ದಿನ ಕುಳಿತು, ನಿರೂಪಣೆಯ ಮಾತುಗಳನ್ನು ಮುದ್ರಿಸಿ, ಮುಂದಕ್ಕೆ ಹಾರಿದ. ವೈಸ್ ಚಿತ್ರದ ಪ್ರತಿಯೊಂದಿಗೆ ರಿಯೋಗೆ ಬರಬೇಕು, ಇಬ್ಬರೂ ಅಲ್ಲಿಯೇ ಕೆಲಸ ಮುಗಿಸಬೇಕು ಎಂಬುದು ಒಪ್ಪಂದ. ಯುದ್ಧಕಾಲದ ಪ್ರಯಾಣ ನಿರ್ಬಂಧಗಳಿಂದ ವೈಸ್ ಹೋಗಲಾಗಲಿಲ್ಲ. ಪ್ರತಿ ಮಾತ್ರ ಹೋಯಿತು.

ಆಗಿನ ಚಿತ್ರದ ಅವಧಿ ಎರಡು ಗಂಟೆ ಹನ್ನೊಂದು ನಿಮಿಷಕ್ಕಿಂತ ಕಡಿಮೆಯಿರಲಿಲ್ಲ. ಮಾರ್ಚ್ 17ರಂದು ಪೊಮೋನಾ ಎಂಬ ಊರಿನಲ್ಲಿ ಪ್ರೇಕ್ಷಕರ ಅಭಿಪ್ರಾಯ ತಿಳಿಯಲು ಅದನ್ನು ತೋರಿಸಲಾಯಿತು. ಜನ ನಕ್ಕರು, ಎದ್ದು ಹೋದರು. ಎರಡು ದಿನಗಳ ಮೇಲೆ ಪಾಸಡೀನಾದಲ್ಲಿ ತೋರಿಸಿದಾಗ ಪ್ರತಿಕ್ರಿಯೆ ಎಷ್ಟೋ ವಾಸಿಯಿತ್ತು. ಆದರೆ ಸಂಸ್ಥೆಯ ಎದೆ ಅಷ್ಟರಲ್ಲೇ ಒಡೆದಿತ್ತು. ಕತ್ತರಿ ಹೊರಬಂತು. ರಿಯೋದಿಂದ ವೆಲ್ಸ್ ಉದ್ದುದ್ದ ತಂತಿಗಳನ್ನು ಕಳುಹಿಸುತ್ತಲೇ ಹೋದ: ಇದನ್ನು ಉಳಿಸಿ, ಅದನ್ನು ಹಿಂದಕ್ಕೆ ತನ್ನಿ, ಈ ದೃಶ್ಯವನ್ನು ಹೀಗೆ ಮೊಟಕುಮಾಡಿ ಎಂದು. ದೂರವಾಣಿಯ ಸಂಪರ್ಕ ಸರಿಯಿಲ್ಲ. ತಂತಿ ತಲಪುವಷ್ಟರಲ್ಲಿ ಸಮಸ್ಯೆಯೇ ಬೇರೆಯಾಗಿರುತ್ತಿತ್ತು. ಕೊನೆಗೆ ಉಳಿದದ್ದು ಎಂಬತ್ತೆಂಟು ನಿಮಿಷ. ವೆಲ್ಸ್ ಚಿತ್ರಿಸಿದ್ದ ಅಂತ್ಯದಲ್ಲಿ ಮುದುಕಿಯಾದ ಅತ್ತೆ ಒಂದು ಕಳಪೆ ವಸತಿಗೃಹದಲ್ಲಿ ತೂಗುಕುರ್ಚಿಯ ಮೇಲೆ ಕುಳಿತಿರುತ್ತಾಳೆ. ಅವಳನ್ನು ನೋಡಲು ಬಂದ ಹಳೆಯ ಪರಿಚಯಸ್ಥನಿಗೂ ಅವಳಿಗೂ ಆಡಲು ಮಾತೇ ಉಳಿದಿರುವುದಿಲ್ಲ. ಅದನ್ನು ತೆಗೆದು, ಸಹಾಯಕ ನಿರ್ದೇಶಕನಿಂದ ಆ ಆಸ್ಪತ್ರೆಯ ಓಣಿಯ ದೃಶ್ಯ ಚಿತ್ರೀಕರಿಸಿ ಜೋಡಿಸಿದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ತನ್ನ ಕೃತಿಯನ್ನು ಕತ್ತರಿಸಿದ್ದು ಕಂಡು ಹೆಸರನ್ನೇ ತೆಗೆಸಿದ. ಜುಲೈಯಲ್ಲಿ ಬಿಡುಗಡೆಯಾದ ಈ ಚಿತ್ರವನ್ನು ಲಾಸ್ ಏಂಜಲೀಸಿನಲ್ಲಿ ಲೂಪೆ ವೆಲೆಜ್‌ಳ ಹಗುರವಾದ ಹಾಸ್ಯಚಿತ್ರವೊಂದರ ಜೊತೆಗೆ ಜೋಡಿಯಾಗಿ ತೋರಿಸಿದರು. ಕತ್ತರಿಸಿದ ಭಾಗಗಳ ನೆಗೆಟಿವ್‌ಗಳನ್ನು ಉಗ್ರಾಣದಲ್ಲಿ ಜಾಗ ಬೇಕೆಂದು ನಾಶಮಾಡಲಾಯಿತು. ಆ ಭವ್ಯವಾದ ಮೆಟ್ಟಿಲಸಾಲು ಮಾತ್ರ ವ್ಯರ್ಥವಾಗಲಿಲ್ಲ: ಅದೇ ವರ್ಷ ‘ಕ್ಯಾಟ್ ಪೀಪಲ್’ ಎಂಬ ಭಯಾನಕ ಚಿತ್ರಕ್ಕೆ ಅದನ್ನು ಬಳಸಿಕೊಂಡರು.

ಇಲ್ಲಿ ಒಂದು ಮಾತು ಹೇಳಲೇಬೇಕು. ವೆಲ್ಸ್‌ನ ಅಭಿಮಾನಿಗಳು ರಾಬರ್ಟ್ ವೈಸ್‌ನನ್ನು ಖಳನಾಯಕನನ್ನಾಗಿ ಮಾಡುವುದುಂಟು. ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಊರಿನ ಟಾಕೀಸಿನಲ್ಲಿ ನೋಡಿ ನಲಿದ ‘ದಿ ಸೌಂಡ್ ಆಫ್ ಮ್ಯೂಸಿಕ್’ (1965) ಅದೇ ವೈಸ್‌ನ ನಿರ್ದೇಶನ. ತಾನು ಚಿತ್ರವನ್ನು ಕೆಡಿಸಲಿಲ್ಲ, ಜನ ಕುಳಿತು ನೋಡುವಂತೆ ಮಾಡಿದೆ ಎಂದೇ ಆತ ಕಡೆಯವರೆಗೂ ಹೇಳುತ್ತಿದ್ದ. ವೆಲ್ಸ್‌ನದೂ ತಪ್ಪಿತ್ತು. ಮುಗಿಯದ ಕೆಲಸವನ್ನು ಇನ್ನೊಬ್ಬರ ಕೈಗೆ ಬಿಟ್ಟು ಸಾವಿರಾರು ಮೈಲಿ ದೂರ ಹೋಗಿ, ಅಲ್ಲಿಂದ ತಂತಿಯ ಮೂಲಕ ಸಂಸಾರ ನಡೆಸಬಹುದೆಂದು ಆತ ನಂಬಿದ್ದ.

ಈ ನಂಬಿಕೆಯನ್ನು ನಾನು ಹಾಸ್ಯಮಾಡಲಾರೆ. 1979ರಲ್ಲಿ ನಮ್ಮ ಮನೆಯಲ್ಲಿ ಪಾಲಾಯಿತು. ಪಾಲಿನ ವಿಷಯದಲ್ಲಿ ನನ್ನ ಆಕ್ಷೇಪವೇನೂ ಇರಲಿಲ್ಲ. ಆದರೆ ಜಗಲಿಯ ಕಂಬಗಳನ್ನೂ ತೊಟ್ಟಿಯನ್ನೂ ಹಾಗೆಯೇ ಉಳಿಸಿಕೊಳ್ಳಿ, ಅದಕ್ಕಾಗುವ ಖರ್ಚು ನಾನು ಕೊಡುತ್ತೇನೆ ಎಂದು ಅಣ್ಣನಿಗೆ ಎಂಟು ಪುಟಗಳ ಕಾಗದ ಬರೆದೆ. ಯಾವ ಕಂಬ, ಯಾವ ಬಾಗಿಲು ಎಂದು ನಕ್ಷೆಯನ್ನೂ ಬರೆದು ಕಳುಹಿಸಿದ್ದೆ. ಕಾಗದ ಮುಟ್ಟಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮರಮುಟ್ಟು ಲಾರಿಯಲ್ಲಿ ಹೋಗಿಯಾಗಿತ್ತು. ಅಣ್ಣ ಬರೆದ ಉತ್ತರದಲ್ಲಿ ಸಿಟ್ಟಿರಲಿಲ್ಲ: ‘ಗೆದ್ದಲು ಹಿಡಿದಿತ್ತು ಕಣೋ, ನೀನು ಇಲ್ಲಿದ್ದರೆ ನೀನೂ ಇದನ್ನೇ ಮಾಡುತ್ತಿದ್ದೆ’ ಎಂದಿದ್ದ.

ಅನಂತರದ ವರ್ಷಗಳಲ್ಲಿಯೂ ವೆಲ್ಸ್‌ನ ಹಣೆಬರಹ ಹೆಚ್ಚು ಬದಲಾಗಲಿಲ್ಲ. ಬ್ರೆಜಿಲಿನ ಚಿತ್ರ ಅರ್ಧಕ್ಕೆ ನಿಂತಿತು. ‘ದಿ ಲೇಡಿ ಫ್ರಂ ಶಾಂಘೈ’ ಚಿತ್ರವನ್ನು ಕೊಲಂಬಿಯಾ ಸಂಸ್ಥೆ ಬಹಳಷ್ಟು ಮೊಟಕುಮಾಡಿತು. ಕನ್ನಡಿಗಳ ಕೋಣೆಯ ಅದರ ಅಂತ್ಯ ಮಾತ್ರ ಇಂದಿಗೂ ಬೆರಗು ಹುಟ್ಟಿಸುತ್ತದೆ. ಇಪ್ಪತ್ತಮೂರು ದಿನಗಳಲ್ಲಿ ‘ಮ್ಯಾಕ್‌ಬೆತ್’ ಚಿತ್ರೀಕರಿಸಿ ಯೂರೋಪಿಗೆ ಹೊರಟುಹೋದ. ಸಿಕ್ಕ ಚಿತ್ರಗಳಲ್ಲೆಲ್ಲ ನಟಿಸಿ, ಆ ಸಂಬಳದಿಂದ ತನ್ನ ಚಿತ್ರಗಳನ್ನು ತುಂಡುತುಂಡಾಗಿ ತೆಗೆಯುವ ಅಲೆಮಾರಿ ಬದುಕು ಆಗ ಆರಂಭವಾಯಿತು.

1957ರಲ್ಲಿ ಯೂನಿವರ್ಸಲ್ ಸಂಸ್ಥೆ ಅವನನ್ನು ಒಂದು ಪತ್ತೇದಾರಿ ಚಿತ್ರಕ್ಕೆ ಖಳನ ಪಾತ್ರಕ್ಕಾಗಿ ಗೊತ್ತುಮಾಡಿತ್ತು. ನಾಯಕನಾಗಿ ಆಯ್ಕೆಯಾಗಿದ್ದ ಚಾರ್ಲ್ಟನ್ ಹೆಸ್ಟನ್, ವೆಲ್ಸ್ ಇರುವಾಗ ನಿರ್ದೇಶನವನ್ನೂ ಅವನಿಗೇ ಏಕೆ ಕೊಡಬಾರದು ಎಂದು ಕೇಳಿದ್ದರಿಂದ ಆ ಅವಕಾಶ ಒದಗಿತು. ಅದೇ ‘ಟಚ್ ಆಫ್ ಈವಿಲ್’. ಲಾಸ್ ಏಂಜಲೀಸಿನ ವೆನಿಸ್ ಬಡಾವಣೆಯನ್ನೇ ಮೆಕ್ಸಿಕೋ ಗಡಿಯ ಊರನ್ನಾಗಿಸಿ ರಾತ್ರಿಗಳಲ್ಲಿ ಚಿತ್ರೀಕರಿಸಿದ. ಪೊಲೀಸ್ ಅಧಿಕಾರಿ ಹ್ಯಾಂಕ್ ಕ್ವಿನ್ಲನ್‌ನ ಪಾತ್ರಕ್ಕಾಗಿ ಮೈಗೆ ದಿಂಬು ಕಟ್ಟಿಕೊಂಡು, ಸುಳ್ಳು ಮೂಗು ಅಂಟಿಸಿಕೊಂಡು, ಕ್ಯಾಮೆರಾವನ್ನು ನೆಲಮಟ್ಟದಲ್ಲಿಟ್ಟು ತನ್ನನ್ನೇ ಒಂದು ಬಂಡೆಯಂತೆ ಕಾಣಿಸಿಕೊಂಡ. ಸುಳ್ಳು ಸಾಕ್ಷ್ಯ ಇಟ್ಟು ಜನರನ್ನು ಜೈಲಿಗೆ ಕಳುಹಿಸುವವನು ಈ ಕ್ವಿನ್ಲನ್. ಆದರೂ ಅವನ ಊಹೆ ಕೊನೆಗೆ ನಿಜವಾಗುತ್ತದೆ. ನ್ಯಾಯ ಯಾವುದು, ನ್ಯಾಯದ ದಾರಿ ಯಾವುದು ಎಂದು ಪ್ರೇಕ್ಷಕ ತಡವರಿಸುವಂತೆ ಮಾಡುವ ಪಾತ್ರವಿದು. ವೆಲ್ಸ್ ನಟಿಸಿದ ಪಾತ್ರಗಳಲ್ಲಿ ನನ್ನ ಮಟ್ಟಿಗೆ ಇದೇ ಶ್ರೇಷ್ಠ, ‘ಕೇನ್’ಗಿಂತಲೂ.

ಚಿತ್ರೀಕರಣ ಮುಗಿದ ಮೇಲೆ ವೆಲ್ಸ್ ಈ ಸಲವೂ ದೂರ ಹೋದ! ನ್ಯೂಯಾರ್ಕಿಗೆ, ಅನಂತರ ತನ್ನ ‘ಡಾನ್ ಕ್ವಿಕ್ಸೋಟ್’ ಕೆಲಸಕ್ಕೆ ಮೆಕ್ಸಿಕೋಗೆ. ಸಂಸ್ಥೆಯವರು ಚಿತ್ರವನ್ನು ಮತ್ತೆ ಜೋಡಿಸಿದರು. ಹ್ಯಾರಿ ಕೆಲರ್ ಎಂಬ ನಿರ್ದೇಶಕನಿಂದ ಹೊಸ ದೃಶ್ಯಗಳನ್ನು ತೆಗೆಸಿದರು. ಅದನ್ನು ಒಮ್ಮೆ ಮಾತ್ರ ನೋಡಲು ಅವಕಾಶ ದೊರೆತ ವೆಲ್ಸ್ ಐವತ್ತೆಂಟು ಪುಟಗಳ ಒಂದು ಟಿಪ್ಪಣಿ ಬರೆದ. 1957ರ ಡಿಸೆಂಬರ್ 5ರ ದಿನಾಂಕದ ಆ ಟಿಪ್ಪಣಿಯಲ್ಲಿ ಜಗಳದ ಧ್ವನಿಯಿಲ್ಲ, ವಿನಯವೇ ಹೆಚ್ಚು. ಒಂದು ಉದಾಹರಣೆ ಕೊಡುತ್ತೇನೆ. ಚಿತ್ರದ ಆರಂಭದಲ್ಲಿ ಒಂದು ಕಾರಿನ ಡಿಕ್ಕಿಯಲ್ಲಿ ಯಾರೋ ಬಾಂಬು ಇಡುತ್ತಾರೆ. ಕಾರು ಊರಿನ ಬೀದಿಗಳಲ್ಲಿ ಸಾಗುತ್ತದೆ. ಮೂರು ನಿಮಿಷಕ್ಕೂ ಹೆಚ್ಚು ಕಾಲ ಕ್ಯಾಮೆರಾ ಒಂದೇ ಓಟದಲ್ಲಿ ಅದನ್ನು ಹಿಂಬಾಲಿಸುತ್ತದೆ. ಇದರ ಮೇಲೆ ನಟರ, ತಂತ್ರಜ್ಞರ ಹೆಸರುಗಳನ್ನು ಮೂಡಿಸಿ, ಹಿನ್ನೆಲೆಗೆ ಹೆನ್ರಿ ಮ್ಯಾನ್ಸಿನಿಯ ವಾದ್ಯಸಂಗೀತ ತುಂಬಿದ್ದರು. ವೆಲ್ಸ್ ಕೇಳಿದ್ದು ಬೇರೆ: ಹೆಸರುಗಳು ಬೇಡ, ಪ್ರತಿ ಪಾನಗೃಹದ ಬಾಗಿಲಿನಿಂದ ಹೊರಬೀಳುವ ಹಾಡು, ಕಾರು ಹತ್ತಿರ ಬಂದಾಗ ಕೇಳುವ ಅದರ ರೇಡಿಯೋ, ಒಂದರ ಮೇಲೊಂದು ತೇಲಿಬರಲಿ ಎಂದು. ಬಾಂಬಿರುವ ಕಾರು ಎಲ್ಲಿದೆಯೆಂದು ಪ್ರೇಕ್ಷಕ ಕಿವಿಯಿಂದಲೂ ಹುಡುಕಬೇಕು.

ಕೆಲವನ್ನು ಒಪ್ಪಿದರು, ಹೆಚ್ಚಿನದನ್ನು ಬಿಟ್ಟರು. 1958ರಲ್ಲಿ ‘ದಿ ಫೀಮೇಲ್ ಅನಿಮಲ್’ ಎಂಬ ಚಿತ್ರದ ಜೊತೆಗೆ, ಜೋಡಿಯ ಎರಡನೆಯದಾಗಿ, ಅದು ತೆರೆಕಂಡಿತು. ಆ ಮೊದಲ ಚಿತ್ರದ ನಿರ್ದೇಶಕ ಯಾರೆಂದರೆ, ಅದೇ ಹ್ಯಾರಿ ಕೆಲರ್.

‘ಆಂಬರ್ಸನ್ಸ್’ಗೂ ‘ಟಚ್ ಆಫ್ ಈವಿಲ್’ಗೂ ಇರುವ ವ್ಯತ್ಯಾಸ ಇಷ್ಟೇ: ಎರಡನೆಯದರ ಕಾಗದವೂ ಉಳಿಯಿತು, ಫಿಲ್ಮಿನ ಸುರುಳಿಯೂ ಉಳಿಯಿತು. 1970ರ ದಶಕದ ನಡುವಿನಲ್ಲಿ ಅದರ 108 ನಿಮಿಷಗಳ ಇನ್ನೊಂದು ರೂಪ ಸಂಸ್ಥೆಯ ಸಂಗ್ರಹದಲ್ಲಿ ದೊರೆಯಿತು. 1998ರಲ್ಲಿ ನಿರ್ಮಾಪಕ ರಿಕ್ ಷ್ಮಿಡ್ಲಿನ್ ಮತ್ತು ಸಂಕಲನಕಾರ ವಾಲ್ಟರ್ ಮರ್ಚ್ ಆ ಐವತ್ತೆಂಟು ಪುಟಗಳನ್ನು ಮುಂದಿಟ್ಟುಕೊಂಡು, ಸಾಲು ಸಾಲಾಗಿ ಅನುಸರಿಸಿ, ಚಿತ್ರವನ್ನು ಮತ್ತೆ ಜೋಡಿಸಿದರು. ವೆಲ್ಸ್ ಸತ್ತು (1985) ಆಗ ಹದಿಮೂರು ವರ್ಷ. ‘ಆಂಬರ್ಸನ್ಸ್’ನದು ಕಾಗದ ಮಾತ್ರ ಉಳಿದಿದೆ. ಪೂರ್ಣರೂಪದ ದೃಶ್ಯವಾರು ವಿವರ ದೊರೆತಿದ್ದು, ಅದನ್ನಾಧರಿಸಿ ರಾಬರ್ಟ್ ಕ್ಯಾರಿಂಜರ್ 1993ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಯಾವ ದೃಶ್ಯ ಎಲ್ಲಿತ್ತು ಎಂದು ಓದಬಹುದು, ನೋಡಲಾಗದು. ರಿಯೋಗೆ ಹೋದ ಆ ಒಂದು ಪ್ರತಿಯನ್ನು ಬ್ರೆಜಿಲಿನಲ್ಲಿ ಹುಡುಕಿದವರಿದ್ದಾರೆ, ಈವರೆಗೆ ಸಿಕ್ಕಿಲ್ಲ.

ವೆಲ್ಸ್‌ನ ಕಾಗದಪತ್ರಗಳ ದೊಡ್ಡ ಸಂಗ್ರಹವೊಂದು ಬ್ಲೂಮಿಂಗ್ಟನ್ನಿನ ಲಿಲ್ಲಿ ಗ್ರಂಥಾಲಯದಲ್ಲಿದೆ. ನಾನು ಚಿತ್ರ ನೋಡುತ್ತಿದ್ದ ಕೊಠಡಿಯಿಂದ ನಡೆದುಹೋಗುವಷ್ಟು ಹತ್ತಿರ. ಸಂಗ್ರಹ ಅಲ್ಲಿಗೆ ಬಂದದ್ದು 1978ರಲ್ಲಿ. ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಅಲ್ಲಿ ಹೋಗಿ ಕುಳಿತಿದ್ದೆ. ಪೆಟ್ಟಿಗೆಯಿಂದ ತೆಗೆದುಕೊಟ್ಟ ಹಾಳೆಗಳನ್ನು ತಿರುವುತ್ತಿದ್ದಾಗ ಊರಿಗೆ ಬರೆದ ನನ್ನ ನಕ್ಷೆಯ ನೆನಪಾಯಿತು. ಅಣ್ಣ ಅದನ್ನು ಎಸೆಯದೆ ಇಟ್ಟುಕೊಂಡಿದ್ದನೆಂದು ಅವನು ತೀರಿಕೊಂಡ ಮೇಲೆ ಅತ್ತಿಗೆ ಹೇಳಿದ್ದರು.

‘ಟಚ್ ಆಫ್ ಈವಿಲ್’ನ ಹೊಸ ರೂಪವನ್ನು ನಾನೂ ಆ ಧಾರವಾಡದ ಮಿತ್ರನೂ ಶಿಕಾಗೋದಲ್ಲಿ ಒಟ್ಟಿಗೆ ನೋಡಿದೆವು. ಇಬ್ಬರ ತಲೆಯೂ ಅಷ್ಟರಲ್ಲಿ ನೆರೆತಿತ್ತು. ದೀಪ ಆರಿತು, ಕಾರು ಹೊರಟಿತು, ತೆರೆಯ ಮೇಲೆ ಒಂದು ಅಕ್ಷರವೂ ಇಲ್ಲ. ಬೀದಿಯ ಹಾಡುಗಳು ಒಂದೊಂದಾಗಿ ಬಂದು ಹೋದವು. ಅವನು ನನ್ನ ಮೊಣಕೈ ಹಿಡಿದು ಮೆಲ್ಲಗೆ, ‘ರೇಡಿಯೋ ಕೇಳಸ್ತದಲ್ಲೋ’ ಎಂದ.