ರಕ್ತಸಾಕ್ಷಿ

ರಕ್ತಸಾಕ್ಷಿ (ನಾ.): ಕ್ರೈಸ್ತ ವಿಶ್ವಾಸಕ್ಕಾಗಿ ಪ್ರಾಣ ತೆತ್ತವರು. ‘ರಕ್ತ’, ‘ಸಾಕ್ಷಿ’ ಎರಡೂ ಸಂಸ್ಕೃತ ಮೂಲದ ಪದಗಳು. ಇದಕ್ಕೆ ಸಮಾನವಾದ ಗ್ರೀಕ್ ಪದ ‘ಮಾರ್ತುಸ್’. ಅದರ ಮೊದಲ ಅರ್ಥ ಸಾಕ್ಷಿ ಹೇಳುವವನು ಎಂದಷ್ಟೇ.

ರೋಮನ್ ಸಾಮ್ರಾಜ್ಯದಲ್ಲಿ ದೇವತೆಗಳಿಗೆ ಬಲಿ, ಧೂಪ ಅರ್ಪಿಸುವುದು ರಾಜನಿಷ್ಠೆಯ ಗುರುತಾಗಿತ್ತು. ಏಕದೇವನನ್ನು ನಂಬಿದ ಕ್ರೈಸ್ತರು ಅದಕ್ಕೆ ಒಪ್ಪಲಿಲ್ಲ. ಕ್ರಿ.ಶ. 250ರಲ್ಲಿ ಚಕ್ರವರ್ತಿ ಡೇಸಿಯಸ್ ಬಲಿಯರ್ಪಣೆಯನ್ನು ಕಡ್ಡಾಯಗೊಳಿಸಿದ. ನಿರಾಕರಿಸಿದ ಹಲವರು ಸೆರೆ, ಚಿತ್ರಹಿಂಸೆ, ಮರಣ ಕಂಡರು. ಸಾಕ್ಷಿಗೆ ರಕ್ತದ ಅರ್ಥ ಸೇರಿದ್ದು ಇಂಥ ಹಿಂಸೆಯ ಕಾಲದಲ್ಲಿ. 313ರಲ್ಲಿ ಕ್ರೈಸ್ತರಿಗೆ ಧರ್ಮಸ್ವಾತಂತ್ರ್ಯ ದೊರೆಯಿತು.

ಬಳಕೆ: ಕಾರ್ಕಳದ ಅತ್ತೂರು ಬಸಿಲಿಕದ ಪಾಲಕ ಸಂತ ಲಾರೆನ್ಸ್, 258ರಲ್ಲಿ ವಲೇರಿಯನ್ ಆಳ್ವಿಕೆಯಲ್ಲಿ ರೋಮ್‌ನಲ್ಲಿ ಮಡಿದ ರಕ್ತಸಾಕ್ಷಿ. ದೇಶಕ್ಕಾಗಿ ಮಡಿದವರಿಗೆ ಕನ್ನಡದಲ್ಲಿ ‘ಹುತಾತ್ಮ’ ರೂಢಿ. ‘ರಕ್ತಸಾಕ್ಷಿ’ ಹೆಚ್ಚಾಗಿ ಕ್ರೈಸ್ತರ ಬಳಕೆಯಲ್ಲಿದೆ.