ಪವಾಯಿಯ ಡಿಸೆಂಬರ್, ಫಿನ್ಲೆಂಡಿನ ಕತ್ತಿ, ತುಳುನಾಡಿನ ಸಿರಿ



ಮೊನ್ನೆ ಪವಾಯಿಯಿಂದ ಒಬ್ಬರು ಅಮ್ಮ ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದರು. ಊರು ಬೆಳ್ತಂಗಡಿ ಕಡೆ, ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತು ವರ್ಷ. "ನೀವು ಭಾವಗೀತೆ ಹಾಕ್ತೀರಿ, ಯಕ್ಷಗಾನದ ಪದ ಹಾಕ್ತೀರಿ, ರಾಜ್‌ಕುಮಾರ್ ಹಾಡಂತೂ ಇದ್ದದ್ದೇ. ನನ್ನ ಮಗ ಬಾಗಿಲು ಹಾಕ್ಕೊಂಡು ಕೇಳುವುದು ಮಾತ್ರ ಬೇರೆ. ಗಂಟಲು ಹರಿಯುವ ಹಾಗೆ ಕಿರುಚ್ತಾರೆ ಮಾರಾಯ್ರೆ! ಕೇಳಿದ್ರೆ ಅದು ಜಾನಪದ ಅಂತಾನೆ. ಹೌದಾ?" ಎಂದರು.

ಫೋನಿನಲ್ಲಿ ಸಿಕ್ಕಿದ್ದು ಒಂದೂವರೆ ನಿಮಿಷ, ಆಮೇಲೆ ಜಾಹೀರಾತು ಬಂತು. ಹೌದು ಅಂದರೆ ಅಮ್ಮನಿಗೆ ಬೇಸರ, ಅಲ್ಲ ಅಂದರೆ ಮಗನಿಗೆ ಅನ್ಯಾಯ. ಅದಕ್ಕೇ ಈ ಪತ್ರಿಕೆಯಲ್ಲಿ ಸ್ವಲ್ಪ ಹಿಂದಿನಿಂದಲೇ ಶುರುಮಾಡುತ್ತೇನೆ. ನೀವೂ ಜೊತೆಗೆ ಬನ್ನಿ. ದಾರಿಯಲ್ಲಿ ಒಂದಷ್ಟು ಆಲ್ಬಮ್‌ಗಳ ಬಗ್ಗೆ ನನ್ನ ಅಭಿಪ್ರಾಯವೂ ಬರುತ್ತದೆ. ಜಗಳಕ್ಕೆ ಬರುವವರು ಬರಬಹುದು.

ಪವಾಯಿ ಅಂದರೆ ಈಗ ನಮಗೆ ಕಣ್ಣಿಗೆ ಬರುವುದು ಹಿರಾನಂದಾನಿಯ ಕಂಬಗಳ ಎತ್ತರದ ಕಟ್ಟಡಗಳು, ಎಲ್ ಆಂಡ್ ಟಿ ಗೇಟಿನ ಮುಂದಿನ ಟ್ರಾಫಿಕ್ಕು. ಆದರೆ ಈ ಊರಿಗೆ ಸಂಗೀತದ ಹೆಸರು ತಂದಿದ್ದು ಐಐಟಿ. 1958ರಲ್ಲಿ ಆರಂಭವಾದ ಸಂಸ್ಥೆಯದು. ಅಲ್ಲಿನ ವಿದ್ಯಾರ್ಥಿಗಳು 1971ರಲ್ಲಿ ಮೂಡ್ ಇಂಡಿಗೋ ಎಂಬ ಉತ್ಸವ ಶುರುಮಾಡಿದರು. ಜಾಝ್ ದೊರೆ ಡ್ಯೂಕ್ ಎಲಿಂಗ್ಟನ್ 1930ರಲ್ಲಿ ಮಾಡಿದ ಒಂದು ರಚನೆಗೂ ಇದೇ ಹೆಸರು. ಪ್ರತಿ ಡಿಸೆಂಬರ್‌ನಲ್ಲಿ ಬೇರೆ ಬೇರೆ ಕಾಲೇಜಿನ ಹುಡುಗ ಹುಡುಗಿಯರು ಕಾಂಜೂರ್‌ಮಾರ್ಗ್‌ನಲ್ಲಿ ಇಳಿದು, ಶೇರ್ ರಿಕ್ಷಾ ಹಿಡಿದು ಕೆರೆಯ ಬದಿಗೆ ಬರುತ್ತಿದ್ದರು. ಅಲ್ಲಿನ ಲೈವ್‌ವೈರ್ ಎಂಬ ರಾಕ್ ಸ್ಪರ್ಧೆಯಲ್ಲಿ ನುಡಿಸುವುದೆಂದರೆ ಕಾಲೇಜು ಬ್ಯಾಂಡುಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದ್ದ ಹಾಗೆ. ಧಾರವಾಡದಲ್ಲಿ ಓದಿ ಪವಾಯಿಗೆ ಬಂದು 1978ರಲ್ಲಿ ಇಲ್ಲಿಂದ ಎಂಜಿನಿಯರ್ ಆಗಿ ಹೊರಬಿದ್ದ ನಂದನ್ ನೀಲೇಕಣಿ ಕೂಡ ಅದೇ ಎಪ್ಪತ್ತರ ದಶಕದ ಹುಡುಗರಲ್ಲಿ ಒಬ್ಬರು.

ನಗರದ ಆ ತುದಿಯಲ್ಲಿ, ಧೋಬಿ ತಲಾವ್ ಹತ್ತಿರ, ರಂಗಭವನ್ ಇತ್ತು. 1986ರಿಂದ ಇಂಡಿಪೆಂಡೆನ್ಸ್ ರಾಕ್ ನಡೆದಿದ್ದು ಅಲ್ಲಿ. ಹತ್ತಿರದಲ್ಲೇ ಆಸ್ಪತ್ರೆ, ಕಾಲೇಜು. ನಿಶ್ಶಬ್ದ ವಲಯದ ನಿಯಮ ಬಂದು ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಗಿಟಾರ್ ಸದ್ದು ನಿಂತಿತು. ಪವಾಯಿಯ ಕ್ಯಾಂಪಸ್ಸಿಗೆ ಅಂಥ ತೊಂದರೆ ಇರಲಿಲ್ಲ. ಒಂದು ಕಡೆ ಕೆರೆ, ಇನ್ನೊಂದು ಕಡೆ ಕಾಡು, ದೂರು ಕೊಡುವವರು ಯಾರು? ಚಿರತೆ ಕೊಡಬೇಕಿತ್ತು ಅಷ್ಟೆ.

ಆಗ ಆಲ್ಬಮ್ ಕೇಳುವುದೇ ಒಂದು ಸಾಹಸವಾಗಿತ್ತು, ನೆನಪಿದೆಯಾ? ಕಾಲಾಘೋಡಾದ ರಿದಮ್ ಹೌಸ್‌ನಲ್ಲಿ ಎಲ್‌ಪಿಯ ಕವರ್ ಮುಟ್ಟಿ ನೋಡಿ, ಬೆಲೆ ನೋಡಿ, ವಾಪಸ್ ಇಟ್ಟು ಬರುವುದು. (ಆ ಅಂಗಡಿಯೂ 2016ರಲ್ಲಿ ಮುಚ್ಚಿತು.) ಯಾರೋ ಒಬ್ಬ ಪುಣ್ಯಾತ್ಮನ ಹತ್ತಿರ ರೆಕಾರ್ಡ್ ಇದ್ದರೆ ಇಡೀ ಹಾಸ್ಟೆಲ್ ಖಾಲಿ ಕ್ಯಾಸೆಟ್ ಹಿಡಿದು ಕ್ಯೂ ನಿಲ್ಲುವುದು. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ. ಪಿಂಕ್ ಫ್ಲಾಯ್ಡ್‌ನ 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಸುಮಾರು 43 ನಿಮಿಷ. ಸರಿಯಾಗಿ ಒಂದು ಮಗ್ಗುಲಿಗೆ ಹಿಡಿಸುತ್ತಿತ್ತು, ಉಳಿದ ಎರಡು ನಿಮಿಷ ಬರೀ ಸುಯ್ ಎನ್ನುವ ಸದ್ದು. ನಾನು ಬಹಳ ದಿನ ಆ ಸುಯ್ ಕೂಡ ಆಲ್ಬಮ್ಮಿನದ್ದೇ ಅಂದುಕೊಂಡಿದ್ದೆ! ಪ್ರೊಗ್ರೆಸಿವ್ ರಾಕ್ ಅಂದರೆ ಇದೇ: ಮೂರು ನಿಮಿಷದ ಹಾಡಿನ ಬೇಲಿ ಹಾರಿ, ಒಂದು ಕಥೆಯನ್ನೋ ಒಂದು ಮನಸ್ಥಿತಿಯನ್ನೋ ಇಡೀ ರೆಕಾರ್ಡಿನ ಉದ್ದಕ್ಕೂ ಹರಡುವುದು. ಯಕ್ಷಗಾನದ ಪ್ರಸಂಗವನ್ನು ಬೆಳಗಿನ ತನಕ ಕೂತು ನೋಡಿದ ನಮ್ಮವರಿಗೆ ಇದು ಅರ್ಥವಾಗದ ವಿಷಯವೇ ಅಲ್ಲ.

ಈಗ 2009ರ ಡಿಸೆಂಬರ್‌ಗೆ ಬನ್ನಿ. ಇಂಗ್ಲೆಂಡಿನ ಪೊರ್ಕ್ಯುಪೈನ್ ಟ್ರೀ ತಂಡ ಮೂಡ್ ಇಂಡಿಗೋಗೆ ಬಂತು. ಅದೇ ವರ್ಷ ಬಿಡುಗಡೆಯಾಗಿದ್ದ ಅವರ 'ದಿ ಇನ್ಸಿಡೆಂಟ್' ಆಲ್ಬಮ್ಮಿನ ಮುಖ್ಯ ರಚನೆ 55 ನಿಮಿಷ ಉದ್ದ, 14 ತುಂಡುಗಳ ಒಂದೇ ಮಾಲೆ. ನಮ್ಮ ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹಿಡಿಸದ್ದು. ನನ್ನ ಅಭಿಪ್ರಾಯ ಕೇಳಿದರೆ, ಅದು ಅವರ ಅತ್ಯುತ್ತಮ ಕೆಲಸ ಅಲ್ಲ. ನಡುವೆ ಎಳೆತ ಜಾಸ್ತಿ, ಕೆಲವು ತುಂಡುಗಳು ಹೊಲಿಗೆ ಹಾಕಿದಂತೆ ಕಾಣುತ್ತವೆ. 2002ರ 'ಇನ್ ಆ್ಯಬ್ಸೆನ್ಷಿಯಾ' ಇದಕ್ಕಿಂತ ಬಿಗಿ. 2007ರ 'ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲಾನೆಟ್' ಅಂತೂ ಪರದೆಯ ಮುಂದೆ ಕೂತು ಮರಗಟ್ಟಿದ ಮಕ್ಕಳ ಬಗ್ಗೆ ಮಾಡಿದ ಆಲ್ಬಮ್. ಬಾಗಿಲು ಹಾಕಿಕೊಂಡ ಮಗ ಇರುವ ಯಾವ ಮನೆಯವರೂ ಕೇಳಬಹುದು.

ಅದೇ ತಿಂಗಳು ಇನ್ನೊಂದು ಸುದ್ದಿ ಬಂತು. ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಬೆಂಗಳೂರಿನಲ್ಲಿ ಸಿ. ಅಶ್ವತ್ಥ್ ತೀರಿಕೊಂಡರು. ಮರುದಿನ ವಿಷ್ಣುವರ್ಧನ್. ಆ ಎರಡು ದಿನ ಮುಂಬಯಿಯ ಕನ್ನಡ ಮನೆಗಳಲ್ಲಿ ಟಿವಿ ಆರಿಸಿದವರಿಲ್ಲ. ಅಶ್ವತ್ಥ್ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಸಿ ಜನಸಾಗರ ಸೇರಿಸಿದ್ದರು. ಎರಡು ವರ್ಷದ ನಂತರ, 2007ರ ಮಾರ್ಚ್ 17ರಂದು, ಅದೇ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. ಎರಡೂ ಕಡೆ ನೆರೆದವರು ಬೇರೆ ಬೇರೆ ಜಾತಿಯ ಜನ ಎಂದು ಪತ್ರಿಕೆಗಳು ಬರೆದವು. ನನಗೆ ಹಾಗೆ ಅನ್ನಿಸುವುದಿಲ್ಲ. ಅಶ್ವತ್ಥ್ ಮೈಕಿನ ಮುಂದೆ ನಿಂತು ತಾರಸ್ಥಾಯಿಗೆ ಏರಿದಾಗ ಆಗುತ್ತಿದ್ದ ಮೈಜುಮ್ಮು ಇದೆಯಲ್ಲ, ಅದು ಬ್ರೂಸ್ ಡಿಕಿನ್ಸನ್ ಕೂಗಿದಾಗ ಆಗುವುದಕ್ಕೆ ದೂರದ ಸಂಬಂಧಿಯೇನಲ್ಲ, ಹತ್ತಿರದ ದಾಯಾದಿ.

ಈ ದಾಯಾದಿಗಳು ಒಂದೇ ಮನೆಗೆ ಬಂದದ್ದು ಮುಂಬಯಿಯಲ್ಲಿ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ವರ್ಷಗಟ್ಟಲೆ ಸಿ.ಡಿ. ಹಿಡಿದು ಅಲೆದ ಮೇಲೆ, 2008ರಲ್ಲಿ ಅವರ ಮೊದಲ ಆಲ್ಬಮ್ ಹೊರತಂದವರು ಇಲ್ಲಿನ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. ಅವರಲ್ಲಿ ವಿಶಾಲ್ ದಾದ್ಲಾನಿ ಮುಂಬಯಿಯ ಪೆಂಟಾಗ್ರಾಮ್ ಎಂಬ ರಾಕ್ ಬ್ಯಾಂಡಿನ ಹಾಡುಗಾರ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳಿದ್ದವು: ಗುಡುಗುಡಿಯದ್ದು ಮತ್ತು ಸೋರುವ ಮಾಳಿಗೆಯದ್ದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಕಂಡ ನಗರಕ್ಕೆ ಸೋರುವ ಮಾಳಿಗೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ ಬಿಡಿ.

ಈ ಆಲ್ಬಮ್ಮಿಗೆ ಅಂಗಡಿಯವರು ಹಚ್ಚಿದ ಚೀಟಿ 'ಫೋಕ್ ರಾಕ್'. ಇಲ್ಲಿ ನನ್ನದೊಂದು ತಕರಾರಿದೆ. ಶರೀಫರು ಹೆಸರಿಲ್ಲದ ಜನಪದರಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ, ಗುರು ಗೋವಿಂದಭಟ್ಟರ ಶಿಷ್ಯರಾದ, ಹೆಸರು ದೆಸೆ ಇರುವ ಕವಿ. ಅವರದ್ದು ತತ್ವಪದ. ಏಕತಾರಿ, ದಮ್ಮಡಿ ಹಿಡಿದ ಭಜನೆ ಮೇಳಗಳು ಅದನ್ನು ಹಳ್ಳಿ ಹಳ್ಳಿಗೆ ಒಯ್ದವು. ನಗರದ ನಮಗೆ ಅದನ್ನು ಕೊಟ್ಟಿದ್ದು ಅಶ್ವತ್ಥ್, ಕ್ಯಾಸೆಟ್ಟುಗಳಲ್ಲಿ ಮತ್ತು 1990ರ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾದಲ್ಲಿ. ಹಾಗಾಗಿ ಇವತ್ತಿನ ಹುಡುಗರು ಗಿಟಾರ್ ಹಿಡಿದು ಶರೀಫರನ್ನು ಹಾಡಿದರೆ ಅದರ ಬೆನ್ನಿಗೆ ಸುಗಮ ಸಂಗೀತದ ನೆರಳು ಇದ್ದೇ ಇರುತ್ತದೆ. ರಘು ಆ ನೆರಳಿನಿಂದ ಹೊರಬರಲು ಪ್ರಯತ್ನಿಸಿದರು, ಅದು ಅವರ ದೊಡ್ಡ ಗುಣ. ಆದರೆ ಡ್ರಮ್ಸ್ ಬಂದ ಕೂಡಲೇ ಪದದ ಒಳಗಿನ ತುಂಟ ತಡೆಗಳು, ಮಾತಿಗಾಗಿ ನಿಲ್ಲುವ ಜಾಗಗಳು ನೇರ ರಸ್ತೆಯಾಗಿಬಿಡುತ್ತವೆ. ಕುಣಿಯಲು ಸುಲಭ, ಯೋಚಿಸಲು ಜಾಗ ಕಡಿಮೆ. ಬೆಂಗಳೂರಿನ ಸ್ವರಾತ್ಮ ತಂಡದ 2009ರ ಮೊದಲ ಆಲ್ಬಮ್ಮಿನ 'ಈ ಭೂಮಿ' ನನಗೆ ಅದಕ್ಕಿಂತ ಹೆಚ್ಚು ಇಷ್ಟ. ಅದರಲ್ಲಿ ಹಳೆಯ ಪದಕ್ಕೆ ಹೊಸ ಅಂಗಿ ತೊಡಿಸುವ ಕಷ್ಟವೇ ಇಲ್ಲ, ಪದವೇ ಹೊಸದು. ಏನೇ ಇರಲಿ, ಕನ್ನಡ ಓದಲು ಬರದ ಎಷ್ಟೋ ಮುಂಬಯಿ ಕನ್ನಡ ಮಕ್ಕಳ ಬಾಯಿಗೆ ಶರೀಫರು ಬಂದದ್ದು ರಘು ದೀಕ್ಷಿತರಿಂದ. ಆ ಋಣ ಸಣ್ಣದಲ್ಲ.

ಸರಿ, ಆ ಅಮ್ಮನ ಪ್ರಶ್ನೆಗೆ ಬರೋಣ. ಮಗ ಕೇಳುತ್ತಿದ್ದದ್ದು ಎನ್ಸಿಫೆರಮ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1995ರಲ್ಲಿ ಕಟ್ಟಿದ ತಂಡ, ಹೆಸರಿಗೆ ಲ್ಯಾಟಿನ್‌ನಲ್ಲಿ 'ಕತ್ತಿ ಹಿಡಿದವನು' ಎಂಬ ಅರ್ಥ. ಈ ತಂಡವೂ ಮೂಡ್ ಇಂಡಿಗೋಗೆ ಬಂದು ಪವಾಯಿಯಲ್ಲಿ ನುಡಿಸಿ ಹೋಗಿದೆ. ಇಂಥ ಸಂಗೀತಕ್ಕೆ ಫೋಕ್ ಮೆಟಲ್ ಎನ್ನುತ್ತಾರೆ. ಇಂಗ್ಲೆಂಡಿನ ಸ್ಕೈಕ್ಲ್ಯಾಡ್ ತಂಡ 1991ರಲ್ಲಿ ಮೆಟಲ್ ಗಿಟಾರಿನ ಪಕ್ಕ ಹಳ್ಳಿಯ ಪಿಟೀಲು ಇಟ್ಟಾಗ ಶುರುವಾಯಿತು ಅನ್ನುವುದು ರೂಢಿ. ಎನ್ಸಿಫೆರಮ್‌ನ 2004ರ 'ಐರನ್' ಕೇಳಿ ನೋಡಿ. ಕಿರುಚಾಟ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಅದರ ಹಿಂದೆ ಹತ್ತಾರು ಗಂಡಸರು ಒಟ್ಟಿಗೆ ಹಾಡುವ ಸೊಲ್ಲು ಇದೆ, ಚೆಂಡೆಯ ಉರುಳಿಕೆಯಂಥ ಡ್ರಮ್ಸ್ ಇದೆ. ಆ 'ಕಿರುಚಾಟ' ರಕ್ಕಸ ವೇಷ ರಂಗಕ್ಕೆ ಬರುವಾಗ ಹಾಕುವ ಆರ್ಭಟೆ ಅಂದುಕೊಂಡರೆ ಅರ್ಧ ತೊಂದರೆ ಮುಗಿಯಿತು.

ಫಿನ್ಲೆಂಡಿನವರಿಗೆ ಇದರ ಹುಚ್ಚು ಯಾಕೆ? ಅವರಿಗೊಂದು 'ಕಾಲೇವಾಲ' ಇದೆ. ಎಲಿಯಾಸ್ ಲ್ಯೋನ್ರೋಟ್ ಎಂಬ ವೈದ್ಯರು ಹಳ್ಳಿ ತಿರುಗಿ, ಹಾಡುಗಾರರ ಬಾಯಿಂದ ಪದ ಬರೆದುಕೊಂಡು, ಪೋಣಿಸಿ 1835ರಲ್ಲಿ ಪುಸ್ತಕ ಮಾಡಿದರು. 1849ರ ದೊಡ್ಡ ಆವೃತ್ತಿಯಲ್ಲಿ 22,795 ಸಾಲುಗಳು. ಪರರ ಆಳ್ವಿಕೆಯಲ್ಲಿದ್ದ ಸಣ್ಣ ಭಾಷೆಯೊಂದಕ್ಕೆ ಅದು ಬೆನ್ನೆಲುಬಾಯಿತು. 1994ರಲ್ಲಿ ಅಮಾರ್ಫಿಸ್ ಎಂಬ ಫಿನ್ನಿಶ್ ತಂಡ ಅದರ ಕಥೆಗಳನ್ನೇ ತೆಗೆದುಕೊಂಡು 'ಟೇಲ್ಸ್ ಫ್ರಮ್ ದಿ ಥೌಸಂಡ್ ಲೇಕ್ಸ್' ಮಾಡಿತು. ಈ ಜಾತಿಯಲ್ಲಿ ಒಂದೇ ಆಲ್ಬಮ್ ಕೇಳುತ್ತೇನೆ ಅನ್ನುವವರಿಗೆ ನನ್ನ ಶಿಫಾರಸು ಅದೇ. ನಿಧಾನ, ಭಾರ, ಚಳಿ. ಕೆರೆಯ ಮೇಲೆ ಮಂಜು ಕೂತ ಹಾಗೆ.

ಇನ್ನು ಹೇಳುವುದನ್ನು ಅಮ್ಮನವರೇ ನೀವು ದಯವಿಟ್ಟು ಗಮನವಿಟ್ಟು ಓದಿ. ಅದೇ ಫಿನ್ಲೆಂಡಿನಿಂದ, ಅದೇ ಕಾಲೇವಾಲದ ನಾಡಿನಿಂದ, ಲೌರಿ ಹಾಂಕೊ ಎಂಬ ವಿದ್ವಾಂಸರು ನಿಮ್ಮ ಬೆಳ್ತಂಗಡಿಗೆ ಬಂದಿದ್ದರು! ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಕೂತು, 1990ರಲ್ಲಿ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಸಿರಿಯ ಕಾವ್ಯ ಕೇಳಿ ದಾಖಲು ಮಾಡಿದರು. 1998ರಲ್ಲಿ ಹೆಲ್ಸಿಂಕಿಯಿಂದ ಪುಸ್ತಕವಾಗಿ ಬಂತು. 15,683 ಸಾಲು. ಗ್ರೀಕರ ಇಲಿಯಡ್‌ಗೆ ಹೆಚ್ಚುಕಡಿಮೆ ಅಷ್ಟೇ ಉದ್ದ. ಅಕ್ಷರದ ಹಂಗಿಲ್ಲದೆ, ಒಬ್ಬ ಕೃಷಿಕನ ನೆನಪಿನಿಂದ ಬಂದದ್ದು. ಗಂಡನ ಅನ್ಯಾಯ ಸಹಿಸದೆ ಮನೆ ಬಿಟ್ಟು ನಡೆದ ಹೆಂಗಸಿನ ಕಥೆ ಅದು. ಆಕೆಯ ಮೊಮ್ಮಕ್ಕಳು ಅಬ್ಬಗ, ದಾರಗ ಚೆನ್ನೆಯಾಟ ಆಡುತ್ತ ಜಗಳವಾಗಿ, ಅಕ್ಕ ಚೆನ್ನೆಮಣೆಯಿಂದಲೇ ತಂಗಿಯನ್ನು ಹೊಡೆದು ಕೊಲ್ಲುವ ತನಕ ಹೋಗುತ್ತದೆ. ಹೇಳಿ, ಎನ್ಸಿಫೆರಮ್‌ನವರ ಹತ್ತಿರ ಇದಕ್ಕಿಂತ ಘೋರವಾದ ಕಥೆ ಇದೆಯೇ?

ಇದನ್ನು ಹೇಳಬೇಕೆಂದೇ ನಾನು ಅವರಿಗೆ ತಿರುಗಿ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಅಮ್ಮ ನೇಜಿ ನೆಡುವಾಗ ಹೇಳ್ತಿದ್ದರು, ಸಿರಿಯ ಪಾಡ್ದನ" ಎಂದರು. ಹಾಗಾದರೆ ನಿಮ್ಮ ಮಗ ಅದನ್ನು ಗಿಟಾರಿನಲ್ಲಿ ನುಡಿಸಿದರೆ ಹೇಗೆ ಎಂದೆ. ದನಿ ಬದಲಾಯಿತು. "ಛೆ, ಅದು ದೈವದ್ದು. ಸಿರಿ ಜಾತ್ರೆಯಲ್ಲಿ ಹೆಂಗಸರಿಗೆ ಮೈಮೇಲೆ ಬರುವಂಥದ್ದು. ಆಟಕ್ಕೆ ಹಾಡುವುದಲ್ಲ" ಎಂದರು.

ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಶರೀಫರ ಪದ ಯಾವ ಕಟ್ಟೆಯ ಮೇಲೆ ಹಾಡಿದರೂ ಸಲ್ಲುತ್ತದೆ, ಸಿರಿಗೆ ನೇಮನಿಷ್ಠೆ ಇದೆ. ಆದರೆ ಕೇಳುಗರೇ, ಅದೇ ಅಮ್ಮನ ಅಮ್ಮ ಅದನ್ನು ಕೆಸರುಗದ್ದೆಯಲ್ಲಿ, ಸೊಂಟ ಬಗ್ಗಿಸಿ, ಕೆಲಸದ ಹಾಡಾಗಿ ಹೇಳುತ್ತಿದ್ದರಲ್ಲವೇ? ಸಿರಿ ಜಾತ್ರೆಯಲ್ಲಿ ಮುಂದೆ ನಿಲ್ಲುತ್ತಿದ್ದ ಗೋಪಾಲ ನಾಯ್ಕರೇ ಜಾತ್ರೆಯ ಹೊರಗೆ, ಕ್ಯಾಮರಾದ ಮುಂದೆ ಕೂತು ದಿನಗಟ್ಟಲೆ ಹಾಡಿದರಲ್ಲವೇ? ಜಾತ್ರೆಯ ಸಿರಿಯನ್ನು ಮುಟ್ಟದೆ ಗದ್ದೆಯ ಸಿರಿಯನ್ನು ಹಾಡುವ ದಾರಿ ಇರಬಹುದು ಎಂದು ನನಗನ್ನಿಸುತ್ತದೆ. ಅವರು ಒಪ್ಪಲಿಲ್ಲ. ಮಗ ಏನನ್ನುತ್ತಾನೋ ಕೇಳಿ ಎಂದೆ. "ಅವನಿಗೆ ತುಳು ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಬರುವುದಿಲ್ಲ" ಎಂದರು.

ನಿಮ್ಮ ಮನೆಯಲ್ಲಿ ನೇಜಿಯ ಪಾಡ್ದನ ನೆನಪಿರುವ ಹಿರಿಯರಿದ್ದರೆ ನಮಗೆ ತಿಳಿಸಿ. ನಾವೇ ಬಂದು ರೆಕಾರ್ಡ್ ಮಾಡಿಕೊಳ್ಳುತ್ತೇವೆ, ಗಿಟಾರ್ ತರುವುದಿಲ್ಲ. ಈ ವಾರದ ಕಾರ್ಯಕ್ರಮದಲ್ಲಿ ಅಶ್ವತ್ಥ್ ಒಂದು, ರಘು ದೀಕ್ಷಿತ್ ಒಂದು, ಸ್ವರಾತ್ಮ ಒಂದು ಹಾಡು ಇದೆ. ಕೊನೆಗೆ ಎನ್ಸಿಫೆರಮ್ ಕೂಡ, ನಾಲ್ಕು ನಿಮಿಷ ಮಾತ್ರ. ಪವಾಯಿಯ ಅಮ್ಮನವರು ಆ ಹೊತ್ತಿಗೆ ಮಗನ ಬಾಗಿಲು ತಟ್ಟಬಹುದು.